ಮೊಲಕ್ಕೆ ಕೊಲೆಸ್ಟ್ರಾಲ್ ತಿನ್ನಿಸಿ ಕಂಡುಕೊಂಡದ್ದು ನಮಗೆ ಅನ್ವಯಿಸುತ್ತಾ?

ಪ್ರಶ್ನೆ: ಕೊಲೆಸ್ಟ್ರಾಲ್‌ನಿಂದ ರಕ್ತನಾಳ ಕಟ್ಟಿಕೊಳ್ಳುತ್ತದೆ ಎನ್ನುವುದು ಮೊಲಗಳ ಮೇಲೆ ನಡೆದ ಒಂದು ಹಳೆಯ ಪ್ರಯೋಗದಿಂದ ಹುಟ್ಟಿದ ತಪ್ಪು ತಿಳಿವಳಿಕೆ ಎಂದು ಒಂದು ವಿಡಿಯೋದಲ್ಲಿ ನೋಡಿದೆ. ಮೊಲ ಸೊಪ್ಪು ತಿನ್ನುವ ಪ್ರಾಣಿ, ಅದಕ್ಕೆ ಮೊಟ್ಟೆ ತಿನ್ನಿಸಿದರೆ ಕಾಯಿಲೆ ಬರದೆ ಇನ್ನೇನು ಎಂದು ಅದರಲ್ಲಿ ಕೇಳುತ್ತಾರೆ. ಅದನ್ನು ನೋಡಿ ನಮ್ಮ ತಂದೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ನಿಲ್ಲಿಸಿಬಿಟ್ಟಿದ್ದಾರೆ. ಇಲಿ, ಮೊಲ, ಹಂದಿಗಳಲ್ಲಿ ಕಂಡದ್ದನ್ನು ನಮ್ಮ ಊಟಕ್ಕೆ ಹೇಗೆ ಅನ್ವಯಿಸುತ್ತಾರೆ? ಮನುಷ್ಯರಲ್ಲೇ ನೇರವಾಗಿ ನೋಡಬಾರದೇ?

ಉತ್ತರ: ಮೊದಲು ಮಾತ್ರೆಯ ವಿಷಯ, ಉಳಿದದ್ದು ಆಮೇಲೆ. ನಿಮ್ಮ ತಂದೆಯವರು ಆ ಮಾತ್ರೆ ಬರೆದುಕೊಟ್ಟ ವೈದ್ಯರನ್ನು ಈ ವಾರವೇ ಕಾಣಲಿ. ನಿಲ್ಲಿಸಿರುವುದನ್ನು ಮುಚ್ಚುಮರೆಯಿಲ್ಲದೆ ಹೇಳಲಿ. ವೈದ್ಯರು ಬೈಯುತ್ತಾರೆ ಎಂದು ಹೆದರಿ ತಿಂಗಳುಗಟ್ಟಲೆ ಸುಮ್ಮನಿದ್ದುಬಿಡುವವರು ಇದ್ದಾರೆ, ಹಾಗೆ ಮಾಡುವುದು ಬೇಡ.

ಸ್ಟ್ಯಾಟಿನ್ ಕೊಡುವುದು ಮೊಲವನ್ನು ನಂಬಿಕೊಂಡು ಅಲ್ಲ. 1994ರಲ್ಲಿ ಸ್ಕ್ಯಾಂಡಿನೇವಿಯಾದ ದೇಶಗಳಿಂದ ಒಂದು ದೊಡ್ಡ ಅಧ್ಯಯನದ ಫಲಿತಾಂಶ ಹೊರಬಂತು. ಅದರಲ್ಲಿದ್ದವರು ಹೃದಯದ ಕಾಯಿಲೆಯ 4,444 ರೋಗಿಗಳು. ಅರ್ಧದಷ್ಟು ಮಂದಿಗೆ ಸಿಮ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಕೊಟ್ಟರು. ಉಳಿದವರಿಗೆ ನೋಡಲು ಅದೇ ಥರ ಇರುವ, ಔಷಧವಿಲ್ಲದ ಮಾತ್ರೆ. ಐದು ವರ್ಷಕ್ಕೂ ಸ್ವಲ್ಪ ಜಾಸ್ತಿ ಕಾಲ ಅವರನ್ನು ನೋಡಿಕೊಂಡರು. ಔಷಧವಿಲ್ಲದ ಮಾತ್ರೆ ತೆಗೆದುಕೊಂಡವರಲ್ಲಿ 256 ಮಂದಿ ತೀರಿಕೊಂಡರು, ಸಿಮ್ವಾಸ್ಟ್ಯಾಟಿನ್ ತೆಗೆದುಕೊಂಡವರಲ್ಲಿ 182. ಇವರೆಲ್ಲ ಮನುಷ್ಯರು. ಮಾತ್ರೆ ಕೆಲಸ ಮಾಡುತ್ತಾ ಎಂಬ ಪ್ರಶ್ನೆಗೆ ಉತ್ತರ ಕೊಟ್ಟವರು ಅವರು.

ಇನ್ನು ವಿಡಿಯೋ. ಅದರಲ್ಲಿರುವುದು ಪೂರ್ತಿ ಸುಳ್ಳಲ್ಲ. ಅರ್ಧ ನಿಜ ಇದೆ, ಅದಕ್ಕೇ ಅಷ್ಟು ಜನ ನಂಬುತ್ತಾರೆ. ಹಾಗಾಗಿ ಆ ಮೊಲದ ಪ್ರಯೋಗವನ್ನೇ ಮೊದಲು ಸರಿಯಾಗಿ ನೋಡೋಣ.

1908ರಲ್ಲಿ ರಷ್ಯಾದ ಅಲೆಕ್ಸಾಂಡರ್ ಇಗ್ನಾಟೋವ್ಸ್ಕಿ ಎಂಬ ವೈದ್ಯರು ಮೊಲಗಳಿಗೆ ಮಾಂಸ, ಹಾಲು, ಮೊಟ್ಟೆ ತಿನ್ನಿಸಿದರು. ಮೊಲಗಳ ಮಹಾಪಧಮನಿಯ, ಅಂದರೆ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ, ಒಳಗೋಡೆ ದಪ್ಪವಾಯಿತು. ಇದು ಪ್ರೋಟೀನಿನ ಕೆಲಸ ಎಂದು ಅವರು ಅಂದುಕೊಂಡರು. ಆ ಊಹೆ ಉಳಿಯಲಿಲ್ಲ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ನಿಕೊಲಾಯ್ ಅನಿಚ್ಕೋವ್ ಮತ್ತು ಸೆಮ್ಯೋನ್ ಖಲಾಟೋವ್ ಮಾಂಸ, ಮೊಟ್ಟೆ ಎಲ್ಲ ಬಿಟ್ಟು ಶುದ್ಧ ಕೊಲೆಸ್ಟ್ರಾಲನ್ನೇ ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿ ಕೊಟ್ಟರು. ಬರೀ ಎಣ್ಣೆ ಕೊಟ್ಟ ಮೊಲಗಳಿಗೆ ಏನೂ ಆಗಲಿಲ್ಲ. ಕೊಲೆಸ್ಟ್ರಾಲ್ ಬೆರೆಸಿದ ಎಣ್ಣೆ ಕೊಟ್ಟ ಮೊಲಗಳಲ್ಲಿ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಕಟ್ಟಿತು. ಅನಿಚ್ಕೋವ್ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಗೋಡೆಯೊಳಗೆ ಕೊಬ್ಬಿನ ಹನಿಗಳನ್ನು ನುಂಗಿ ಉಬ್ಬಿಕೊಂಡ ಜೀವಕೋಶಗಳು ಕಂಡವು. ಈಗ ನಾವು ಅವನ್ನು ನೊರೆ ಕೋಶ ಎನ್ನುತ್ತೇವೆ. ಹೃದಯಾಘಾತದಿಂದ ತೀರಿಕೊಂಡ ಮನುಷ್ಯನ ರಕ್ತನಾಳದಲ್ಲೂ ಇವೇ ಕೋಶಗಳು ಇರುತ್ತವೆ.

ಇದನ್ನೇ ದೊಡ್ಡ ಇಲಿಗಳಲ್ಲಿ, ಅಂದರೆ ರ್‍ಯಾಟ್‌ಗಳಲ್ಲಿ ಮಾಡಿದಾಗ ಏನೂ ಆಗಲಿಲ್ಲ. ನಾಯಿಗಳಲ್ಲೂ ಆಗಲಿಲ್ಲ. ವಿಡಿಯೋ ಮಾಡುವವರು ಹಿಡಿದುಕೊಳ್ಳುವುದು ಈ ಜಾಗವನ್ನು. ಮಾಂಸ ತಿನ್ನುವ ನಾಯಿಗೆ ಏನೂ ಆಗಲ್ಲ, ಸೊಪ್ಪು ತಿನ್ನುವ ಮೊಲಕ್ಕೆ ಮಾತ್ರ ಆಗುತ್ತೆ, ಹಾಗಾಗಿ ಪ್ರಯೋಗವೇ ತಪ್ಪು ಎನ್ನುತ್ತಾರೆ. ಕೇಳಲು ಚೆನ್ನಾಗಿದೆ ಅಲ್ವಾ? ಆದರೆ ನಾಯಿಗೆ ಯಾಕೆ ಆಗಲಿಲ್ಲ ಎಂದು ಅವರು ಮುಂದೆ ಕೇಳುವುದಿಲ್ಲ.

ನಾಯಿ ಮತ್ತು ದೊಡ್ಡ ಇಲಿಯ ಲಿವರ್ ಹೊರಗಿನಿಂದ ಬಂದ ಕೊಲೆಸ್ಟ್ರಾಲನ್ನು ಬೇಗ ಬೇಗ ಪಿತ್ತದ ಆಮ್ಲಗಳನ್ನಾಗಿ ಮಾಡಿ ಕರುಳಿಗೆ ತಳ್ಳಿಬಿಡುತ್ತದೆ. ರಕ್ತದಲ್ಲಿ ಅದು ಏರುವುದೇ ಇಲ್ಲ. ಮೊಲದ ಲಿವರಿಗೆ ಆ ಶಕ್ತಿ ಕಡಿಮೆ. ಬಂದದ್ದೆಲ್ಲ ರಕ್ತದಲ್ಲೇ ಉಳಿಯುತ್ತದೆ. 1946ರಲ್ಲಿ ಸ್ಟೈನರ್ ಮತ್ತು ಕೆಂಡಾಲ್ ನಾಯಿಗಳಿಗೆ ಥೈರಾಯ್ಡ್ ಕುಂದಿಸುವ ಥಯೋಯುರಾಸಿಲ್ ಎಂಬ ಔಷಧ ಕೊಟ್ಟು, ಜೊತೆಗೆ ಕೊಲೆಸ್ಟ್ರಾಲ್ ತಿನ್ನಿಸಿದರು. ಥೈರಾಯ್ಡ್ ಕುಂದಿದಾಗ ರಕ್ತದ ಕೊಲೆಸ್ಟ್ರಾಲ್ ಏರಿತು. ಏರಿದ್ದೇ ತಡ, ನಾಯಿಗಳಿಗೂ ರಕ್ತನಾಳದ ಕಾಯಿಲೆ ಬಂತು. ಅಂದರೆ ಅದುವರೆಗೆ ನಾಯಿಯನ್ನು ಕಾಪಾಡುತ್ತಿದ್ದದ್ದು ಅದರ ಲಿವರ್. ರಕ್ತನಾಳಕ್ಕೆ ಯಾವ ವಿಶೇಷ ರಕ್ಷಣೆಯೂ ಇರಲಿಲ್ಲ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ತಿಂದದ್ದು ರಕ್ತಕ್ಕೆ ಎಷ್ಟು ಏರುತ್ತದೆ ಎನ್ನುವುದು ಒಂದು. ಏರಿದ ಮೇಲೆ ರಕ್ತನಾಳದ ಗೋಡೆಗೆ ಏನಾಗುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಪ್ರಾಣಿಯಿಂದ ಪ್ರಾಣಿಗೆ ಅಜಗಜಾಂತರ. ಎರಡನೆಯದರಲ್ಲಿ ಮೊಲ, ನಾಯಿ, ಹಂದಿ, ಕೋತಿ, ಮನುಷ್ಯ ಎಲ್ಲ ಬಹುತೇಕ ಒಂದೇ. ಪ್ರಾಣಿ ಪ್ರಯೋಗದ ಬಗ್ಗೆ ಏನೇ ಓದಿದರೂ, ಅದು ಈ ಎರಡರಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದೆ ಎಂದು ನೋಡಿ. ಒಂದರ ಉತ್ತರವನ್ನು ತಂದು ಇನ್ನೊಂದಕ್ಕೆ ಅಂಟಿಸಿದಾಗ ಎಡವಟ್ಟಾಗುತ್ತದೆ. ಮೊಟ್ಟೆಯನ್ನು ವಿಷ ಎಂದವರೂ ಹಾಗೇ ಮಾಡಿದರು, ಕೊಲೆಸ್ಟ್ರಾಲ್ ಬರೀ ಕಟ್ಟುಕಥೆ ಎನ್ನುವವರೂ ಹಾಗೇ ಮಾಡುತ್ತಿದ್ದಾರೆ.

ಸ್ವಲ್ಪ ಲೆಕ್ಕ ಹಾಕೋಣ. ಹಳೆಯ ಪ್ರಯೋಗಗಳಲ್ಲಿ ಮೊಲದ ಆಹಾರದಲ್ಲಿ ಶೇ 1ರಷ್ಟು ಕೊಲೆಸ್ಟ್ರಾಲ್ ಬೆರೆಸುವುದು ಸಾಮಾನ್ಯವಾಗಿತ್ತು. ಮೂರು ಕಿಲೋ ತೂಕದ ಮೊಲ ದಿನಕ್ಕೆ 100 ಗ್ರಾಂ ತಿಂದರೂ ಒಂದು ಗ್ರಾಂ ಕೊಲೆಸ್ಟ್ರಾಲ್ ಒಳಗೆ ಹೋಯಿತು. ಅದನ್ನು 60 ಕಿಲೋ ತೂಕದ ಮನುಷ್ಯನಿಗೆ ತೂಕದ ಲೆಕ್ಕದಲ್ಲಿ ಹೋಲಿಸಿದರೆ ದಿನಕ್ಕೆ 20 ಗ್ರಾಂ. ಒಂದು ಮೊಟ್ಟೆಯ ಹಳದಿಯಲ್ಲಿ ಸುಮಾರು 200 ಮಿಲಿಗ್ರಾಂ ಇರುತ್ತದೆ. ಅಂದರೆ ದಿನಕ್ಕೆ 100 ಮೊಟ್ಟೆ! ಆ ಮೊಲಗಳ ರಕ್ತದಲ್ಲಿ ಕೊಲೆಸ್ಟ್ರಾಲ್ ಡೆಸಿಲೀಟರಿಗೆ 1,000 ಮಿಲಿಗ್ರಾಂ ದಾಟುತ್ತಿತ್ತು. ಹಾಗಾಗಿ ನೀವು ಬೆಳಿಗ್ಗೆ ತಿನ್ನುವ ಮೊಟ್ಟೆಯ ಬಗ್ಗೆ ಆ ಮೊಲ ಏನೂ ಹೇಳಲಾರದು. ಈ ಮಟ್ಟಿಗೆ ವಿಡಿಯೋ ಸರಿ.

ಆದರೆ ಎರಡನೆಯ ಪ್ರಶ್ನೆಗೆ ಬಂದರೆ ಮೊಲದ ಸಾಕ್ಷ್ಯ ಗಟ್ಟಿ. ಅದನ್ನು ಪಕ್ಕಾ ಮಾಡಿದ್ದು ಇನ್ನೊಂದು ಮೊಲ. 1973ರಲ್ಲಿ ಜಪಾನಿನ ಕೋಬೆ ವಿಶ್ವವಿದ್ಯಾಲಯದಲ್ಲಿ ಯೋಶಿಯೋ ವಟನಾಬೆ ಅವರಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಕೊಬ್ಬು ವಿಪರೀತ ಇದ್ದ ಒಂದು ಗಂಡು ಮೊಲ ಸಿಕ್ಕಿತು. ಅದರಿಂದ ಅವರು ಒಂದು ತಳಿಯನ್ನೇ ಬೆಳೆಸಿದರು. ಈ ಮೊಲಗಳು ತಿನ್ನುವುದು ಮಾಮೂಲಿ ಮೊಲದ ಆಹಾರ. ಮೊಟ್ಟೆ ಇಲ್ಲ, ಮಾಂಸ ಇಲ್ಲ, ಬೆರೆಸಿದ ಕೊಲೆಸ್ಟ್ರಾಲ್ ಇಲ್ಲ. ಆದರೂ ಎಳವೆಯಲ್ಲೇ ಅವುಗಳ ರಕ್ತನಾಳ ಕೆಡುತ್ತದೆ. ಕಾರಣ, ಕೊಲೆಸ್ಟ್ರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಎಂಬ ಕಣಗಳನ್ನು ರಕ್ತದಿಂದ ಹಿಡಿದು ಲಿವರಿನೊಳಗೆ ಎಳೆದುಕೊಳ್ಳುವ ಗ್ರಾಹಕ ಅವುಗಳಲ್ಲಿ ಕೆಟ್ಟಿದೆ. ಮನುಷ್ಯರಲ್ಲೂ ಇದೇ ಗ್ರಾಹಕ ಹುಟ್ಟಿನಿಂದ ಕೆಟ್ಟಿರುವ ಕುಟುಂಬಗಳಿವೆ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಪಡೆದ ಮಕ್ಕಳಿಗೆ ಬಾಲ್ಯದಲ್ಲೇ ಹೃದಯಾಘಾತ ಆಗುವುದುಂಟು. ಈ ಗ್ರಾಹಕವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ವಟನಾಬೆಯವರ ಮೊಲಗಳು ಅವರ ಕೆಲಸಕ್ಕೂ ನೆರವಾದವು.

ಸೊಪ್ಪು ತಿನ್ನುವ ಪ್ರಾಣಿಗೆ ಒಗ್ಗದ ಆಹಾರ ಕೊಟ್ಟಿದ್ದೇ ಕಾಯಿಲೆಗೆ ಕಾರಣ ಎಂಬ ವಾದ ಇಲ್ಲಿಗೆ ಮುಗಿಯಿತು. ಈ ಮೊಲಗಳಿಗೆ ಒಗ್ಗದ್ದೇನೂ ಕೊಟ್ಟಿರಲಿಲ್ಲ. ರಕ್ತದಲ್ಲಿ ಎಲ್‌ಡಿಎಲ್ ಜಾಸ್ತಿ ಇತ್ತು, ಅಷ್ಟೇ.

ತಪ್ಪು ಪ್ರಾಣಿಯನ್ನು ಆರಿಸಿಕೊಂಡರೆ ಏನಾಗಬಹುದು ಎನ್ನುವುದಕ್ಕೆ ಸ್ಟ್ಯಾಟಿನ್ ಹುಟ್ಟಿದ ರೀತಿಯೇ ಸಾಕ್ಷಿ. ನಿಮ್ಮ ತಂದೆಯವರಿಗೂ ಇದನ್ನು ಹೇಳಿ. ಟೋಕಿಯೋದಲ್ಲಿ ಸಾಂಕ್ಯೋ ಕಂಪನಿಯಲ್ಲಿದ್ದ ಅಕಿರಾ ಎಂಡೊ ಸಾವಿರಾರು ಬೂಷ್ಟುಗಳನ್ನು ಪರೀಕ್ಷಿಸುತ್ತಾ ಹೋದರು. ಪೆನಿಸಿಲಿಯಂ ಜಾತಿಯ ಒಂದು ಬೂಷ್ಟಿನಲ್ಲಿ ಕಾಂಪ್ಯಾಕ್ಟಿನ್ ಸಿಕ್ಕಿತು. ಕೊಲೆಸ್ಟ್ರಾಲ್ ತಯಾರಿಸುವ ಕಿಣ್ವವನ್ನು ಪ್ರನಾಳದಲ್ಲಿ ಅದು ಚೆನ್ನಾಗಿಯೇ ತಡೆಯಿತು. ಆದರೆ ದೊಡ್ಡ ಇಲಿಗಳಿಗೆ ವಾರಗಟ್ಟಲೆ ಕೊಟ್ಟರೂ ಅವುಗಳ ರಕ್ತದ ಕೊಲೆಸ್ಟ್ರಾಲ್ ಇಳಿಯಲಿಲ್ಲ. ಕೆಲಸ ಅಲ್ಲಿಗೇ ನಿಲ್ಲುವ ಹಾಗಿತ್ತು.

ಎಂಡೊ ಬಿಡಲಿಲ್ಲ. ಮೊಟ್ಟೆಯ ಹಳದಿಯಲ್ಲಿ ಅಷ್ಟೊಂದು ಕೊಲೆಸ್ಟ್ರಾಲ್ ಇದೆ ಎಂದರೆ ಮೊಟ್ಟೆ ಇಡುವ ಕೋಳಿ ಅದನ್ನು ಧಾರಾಳವಾಗಿ ತಯಾರಿಸುತ್ತಿರಬೇಕು ಎಂದು ಯೋಚಿಸಿದರು. 1976ರಲ್ಲಿ ಕೋಳಿಗಳ ಆಹಾರಕ್ಕೆ ಕಾಂಪ್ಯಾಕ್ಟಿನ್ ಬೆರೆಸಿದರು. ಅವುಗಳ ಕೊಲೆಸ್ಟ್ರಾಲ್ ಅರ್ಧದ ಹತ್ತಿರಕ್ಕೆ ಇಳಿಯಿತು. ಆಮೇಲೆ ನಾಯಿಗಳಲ್ಲೂ ಕೋತಿಗಳಲ್ಲೂ ಇಳಿಯಿತು. ಹಾಗಾದರೆ ದೊಡ್ಡ ಇಲಿಯಲ್ಲಿ ಯಾಕೆ ಇಳಿಯಲಿಲ್ಲ? ಅದರ ಲಿವರ್ ಔಷಧದ ಏಟಿಗೆ ಎದುರಾಗಿ ಅದೇ ಕಿಣ್ವವನ್ನು ಹಲವು ಪಟ್ಟು ಜಾಸ್ತಿ ತಯಾರಿಸಿಬಿಡುತ್ತದೆ. ಅದೂ ಅಲ್ಲದೆ ಆ ಇಲಿಯ ರಕ್ತದಲ್ಲಿ ಎಲ್‌ಡಿಎಲ್ ಇರುವುದೇ ಅತ್ಯಲ್ಪ. ಇಲ್ಲದ್ದನ್ನು ಇಳಿಸುವುದು ಹೇಗೆ? ಲಕ್ಷಾಂತರ ಜೀವ ಉಳಿಸಿದ ಔಷಧವೊಂದು ಒಂದು ತಪ್ಪು ಪ್ರಾಣಿಯಿಂದಾಗಿ ಕಪಾಟು ಸೇರುವುದರಲ್ಲಿತ್ತು. ಎಂಡೊ 2024ರಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಬರಬೇಕಿತ್ತು ಎಂದು ಈ ಕ್ಷೇತ್ರದಲ್ಲಿರುವ ನಮಗೆ ಅನೇಕರಿಗೆ ಇವತ್ತಿಗೂ ಅನಿಸುತ್ತದೆ.

ಈಗಿನ ಸುದ್ದಿಗಳಲ್ಲಿ ಬರುವುದು ಹೆಚ್ಚಾಗಿ ಸಣ್ಣ ಇಲಿ, ಅಂದರೆ ಮೌಸ್. ಮಾಮೂಲಿ ಸಣ್ಣ ಇಲಿಗೆ ಏನು ತಿನ್ನಿಸಿದರೂ ರಕ್ತನಾಳದ ಕಾಯಿಲೆ ಸುಲಭಕ್ಕೆ ಬರುವುದಿಲ್ಲ. ಅದರ ಕೊಲೆಸ್ಟ್ರಾಲ್ ಬಹುಪಾಲು ಎಚ್‌ಡಿಎಲ್ ಎಂಬ, ರಕ್ತನಾಳದಲ್ಲಿ ಕಟ್ಟಿಕೊಳ್ಳದ ಕಣಗಳ ರೂಪದಲ್ಲಿರುತ್ತದೆ, ಒಟ್ಟು ಮೊತ್ತ ಡೆಸಿಲೀಟರಿಗೆ 100 ಮಿಲಿಗ್ರಾಂಗಿಂತ ಕೆಳಗೆ. ನಮ್ಮಲ್ಲಿ ಎಚ್‌ಡಿಎಲ್‌ನಿಂದ ಬೇರೆ ಕಣಗಳಿಗೆ ಕೊಲೆಸ್ಟ್ರಾಲ್ ದಾಟಿಸುವ ಸಿಇಟಿಪಿ ಎಂಬ ಪ್ರೋಟೀನ್ ಇದೆ, ಇಲಿಗೆ ಅದಿಲ್ಲ. ಮೊಲಕ್ಕೆ ಇದೆ. 1992ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಒಂದು ನಾರ್ತ್ ಕ್ಯಾರೊಲೈನಾದ ನೊಬುಯೊ ಮಯೇಡಾ ಅವರದು, ಇನ್ನೊಂದು ನ್ಯೂಯಾರ್ಕಿನ ಜಾನ್ ಬ್ರೆಸ್ಲೋ ಅವರದು, ಅಪೊಇ ಎಂಬ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಇಲಿಯನ್ನು ಸೃಷ್ಟಿಸಿದವು. ಕೊಬ್ಬಿನ ಕಣಗಳನ್ನು ಲಿವರ್ ಗುರುತಿಸಲು ಬೇಕಾದ ಪ್ರೋಟೀನ್ ಅದು. ಅದಿಲ್ಲದ ಇಲಿಯ ಕೊಲೆಸ್ಟ್ರಾಲ್ ಮಾಮೂಲಿ ಆಹಾರದಲ್ಲೇ 400 ದಾಟುತ್ತದೆ. ಮರುವರ್ಷ ಎಲ್‌ಡಿಎಲ್ ಗ್ರಾಹಕ ಇಲ್ಲದ ಇಲಿಯೂ ಬಂತು. ಈ ಎರಡು ಇಲಿಗಳ ಮೇಲೆ ಅಲ್ಲಿಂದೀಚೆಗೆ ಬಂದ ಪ್ರಬಂಧಗಳಿಗೆ ಲೆಕ್ಕವಿಲ್ಲ.

ಇಲಿಯಲ್ಲಿ ಕಾಯಿಲೆಯನ್ನು ಅಳೆಯುವುದು ಹೇಗೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಸುದ್ದಿಯಲ್ಲಿ ಬರುವ ಶೇಕಡಾವಾರು ಅಂಕಿ ಹುಟ್ಟುವುದು ಅಲ್ಲೇ. ಇಲಿಯ ಮಹಾಪಧಮನಿಯ ಅಗಲ ಸುಮಾರು ಒಂದು ಮಿಲಿಮೀಟರ್. ಉದ್ದ ಕೆಲವೇ ಸೆಂಟಿಮೀಟರ್. ಸೂಕ್ಷ್ಮದರ್ಶಕದ ಕೆಳಗಿಟ್ಟು, ಹೊರಗೆ ಅಂಟಿರುವ ಕೊಬ್ಬನ್ನು ಚಿಮುಟದಿಂದ ಒಂದೊಂದೇ ಚೂರು ಬಿಡಿಸಬೇಕು. ಆಮೇಲೆ ಉದ್ದಕ್ಕೆ ಸೀಳಿ, ಕಪ್ಪು ಮೇಣದ ಮೇಲೆ ಸಣ್ಣ ಪಿನ್ನುಗಳಿಂದ ಹರವಿ, ಆಯಿಲ್ ರೆಡ್ ಓ ಎಂಬ ಬಣ್ಣ ಹಾಕುತ್ತಾರೆ. ಕೊಬ್ಬು ಕಟ್ಟಿದ ಜಾಗ ಕೆಂಪಾಗುತ್ತದೆ. ಒಟ್ಟು ಹರವಿನಲ್ಲಿ ಕೆಂಪಿನ ಪಾಲೆಷ್ಟು ಎಂದು ಲೆಕ್ಕ. ಹೊರಗಿನ ಕೊಬ್ಬು ಸ್ವಲ್ಪ ಉಳಿದಿದ್ದರೂ ಅದೂ ಕೆಂಪಾಗಿ ಲೆಕ್ಕದಲ್ಲಿ ಸೇರಿಬಿಡುತ್ತದೆ. ಇನ್ನೊಂದು ವಿಧಾನದಲ್ಲಿ ಹೃದಯವನ್ನು ಹೆಪ್ಪುಗಟ್ಟಿಸಿ, ಮಹಾಪಧಮನಿ ಹೊರಡುವ ಬುಡವನ್ನು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಕತ್ತರಿಸುತ್ತಾರೆ. ಕವಾಟದ ಮೂರೂ ಎಸಳುಗಳು ಒಂದೇ ಸೀಳಿನಲ್ಲಿ ಕಾಣಬೇಕು. ಹೃದಯ ಸ್ವಲ್ಪ ಓರೆಯಾಗಿ ಕೂತಿದ್ದರೆ ಅಳತೆಯೇ ಬೇರೆ ಬರುತ್ತದೆ. ಯಾವ ಇಲಿ ಯಾವ ಗುಂಪಿನದು ಎಂದು ಅಳೆಯುವವರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ. ಈ ಕೆಲಸವನ್ನು ಶ್ರದ್ಧೆಯಿಂದ ಮಾಡುವವರ ಮೇಲೆ ನನಗೆ ತುಂಬಾ ಗೌರವ.

ಇಲಿಯ ಮಿತಿಗಳೂ ಇಲ್ಲೇ ಕಾಣುತ್ತವೆ. ಅದರಲ್ಲಿ ಕಾಯಿಲೆ ಬರುವುದು ಹೆಚ್ಚಾಗಿ ಮಹಾಪಧಮನಿಯ ಬುಡದಲ್ಲಿ. ನಮ್ಮನ್ನು ಕೊಲ್ಲುವುದು ಹೃದಯಕ್ಕೇ ರಕ್ತ ಕೊಡುವ ಕೊರೊನರಿ ನಾಳಗಳ ಕಾಯಿಲೆ. ನಮ್ಮಲ್ಲಿ ಪ್ಲಾಕ್, ಅಂದರೆ ನಾಳದ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಗಂಟು, ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತ ಆಗುತ್ತದೆ. ಇಲಿಯಲ್ಲಿ ಪ್ಲಾಕ್ ಒಡೆಯುವುದೇ ಅಪರೂಪ. ಇದಲ್ಲದೆ ಪ್ರಯೋಗಾಲಯಗಳನ್ನು ಸಾಮಾನ್ಯವಾಗಿ 22 ಡಿಗ್ರಿ ಆಸುಪಾಸಿನಲ್ಲಿ ಇಡುತ್ತಾರೆ. ನಮಗೆ ಅದು ಹಿತ. ಇಲಿಗೆ ಹಿತವಾದದ್ದು ಸುಮಾರು 30 ಡಿಗ್ರಿ. ಅಂದರೆ ಅದು ಇಡೀ ಬದುಕನ್ನು ಚಳಿ ತಡೆದುಕೊಳ್ಳುವುದರಲ್ಲೇ ಕಳೆಯುತ್ತದೆ. ಕೊಬ್ಬು ಹೇಗೆ ಖರ್ಚಾಗುತ್ತದೆ ಎಂದು ನೋಡುವ ಪ್ರಯೋಗದಲ್ಲಿ ಇದು ಸಣ್ಣ ಮಾತಲ್ಲ. ಗಂಡು ಹೆಣ್ಣು ಇಲಿಗಳಲ್ಲೂ ಫಲಿತಾಂಶ ಬೇರೆ ಬೇರೆ ಬರುತ್ತದೆ. ಎರಡನ್ನೂ ಪರೀಕ್ಷಿಸಬೇಕು ಎಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಹೇಳಿತು. ಆ ಮಾತು ಇನ್ನೂ ಮೊದಲೇ ಬರಬೇಕಿತ್ತು.

ಆಹಾರದ ಪ್ರಯೋಗಗಳಲ್ಲಿ ನಾನು ಎಲ್ಲಕ್ಕಿಂತ ಮೊದಲು ನೋಡುವುದು, ಹೋಲಿಕೆಗೆ ಇಟ್ಟ ಗುಂಪಿಗೆ ಏನು ತಿನ್ನಿಸಿದರು ಎಂದು. ಬಹಳ ಪ್ರಬಂಧಗಳು ಎಡವುವುದು ಇಲ್ಲೇ. ಒಂದು ಗುಂಪಿಗೆ ಧಾನ್ಯ, ಸೋಯಾ, ನಾರು ಎಲ್ಲ ಸೇರಿಸಿ ಮಾಡಿದ ಮಾಮೂಲಿ ಉಂಡೆ. ಇನ್ನೊಂದಕ್ಕೆ ಶುದ್ಧೀಕರಿಸಿದ ಕೇಸಿನ್ ಎಂಬ ಹಾಲಿನ ಪ್ರೋಟೀನ್, ಸಕ್ಕರೆ, ಹಾಲಿನ ಕೊಬ್ಬು ಬೆರೆಸಿ ಮಾಡಿದ ಆಹಾರ. ಕೊನೆಗೆ ಕೊಬ್ಬಿನಿಂದ ಹೀಗಾಯಿತು ಎಂದು ಬರೆಯುತ್ತಾರೆ. ಒಬ್ಬನಿಗೆ ಮನೆ ಊಟ, ಇನ್ನೊಬ್ಬನಿಗೆ ಪ್ಯಾಕೆಟ್ ಪುಡಿ ಮತ್ತು ಬೆಣ್ಣೆ ಕೊಟ್ಟು, ವ್ಯತ್ಯಾಸಕ್ಕೆಲ್ಲ ಬೆಣ್ಣೆಯೇ ಕಾರಣ ಎಂದ ಹಾಗೆ ಇದು. ನಾರು ಬದಲಾಯಿತು, ಪ್ರೋಟೀನ್ ಬದಲಾಯಿತು, ಸಕ್ಕರೆ ಬದಲಾಯಿತು, ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾದವು. ದೋಷ ಮಾತ್ರ ಕೊಬ್ಬೊಂದರ ತಲೆಗೆ.

ಪ್ರೋಟೀನ್ ಬದಲಾದರೆ ಏನು ಮಹಾ ಎಂದು ನೀವು ಕೇಳಬಹುದು. ಮೊಲಕ್ಕೆ ಒಂದು ಚೂರೂ ಕೊಲೆಸ್ಟ್ರಾಲ್ ಕೊಡದೆ, ಪ್ರೋಟೀನಿಗಾಗಿ ಹಾಲಿನ ಕೇಸಿನ್ ಇರುವ ಶುದ್ಧೀಕೃತ ಆಹಾರ ಕೊಟ್ಟರೂ ಅದರ ರಕ್ತದ ಕೊಲೆಸ್ಟ್ರಾಲ್ ಏರುತ್ತದೆ. ಕೇಸಿನ್ ತೆಗೆದು ಸೋಯಾ ಪ್ರೋಟೀನ್ ಹಾಕಿದರೆ ಅಷ್ಟು ಏರುವುದಿಲ್ಲ. ಮನುಷ್ಯರಲ್ಲಿ ಈ ವ್ಯತ್ಯಾಸ ತೀರಾ ಸಣ್ಣದು. ಇನ್ನೊಂದು ಉದಾಹರಣೆ. 1980ರ ದಶಕದಲ್ಲಿ ಬೆವರ್ಲಿ ಪೈಗನ್ ಅವರು ಮಾಮೂಲಿ ಇಲಿಯಲ್ಲೂ ಕಾಯಿಲೆ ಬರಿಸುವ ಒಂದು ಆಹಾರ ಬಳಸಿದರು. ಅದರಲ್ಲಿ ಶೇ 15 ಕೊಬ್ಬು, ಶೇ 1.25 ಕೊಲೆಸ್ಟ್ರಾಲ್, ಜೊತೆಗೆ ಶೇ 0.5 ಕೋಲಿಕ್ ಆಮ್ಲ ಎಂಬ ಪಿತ್ತದ ಆಮ್ಲ. ಈ ಕೋಲಿಕ್ ಆಮ್ಲ ತಾನೇ ಲಿವರಿನಲ್ಲಿ ಉರಿಯೂತ ಎಬ್ಬಿಸುತ್ತದೆ. ಆ ಇಲಿಯಲ್ಲಿ ಕಂಡದ್ದರಲ್ಲಿ ಕೊಬ್ಬಿನ ಪಾಲೆಷ್ಟು, ಆಮ್ಲದ ಪಾಲೆಷ್ಟು? ಬಿಡಿಸಿ ಹೇಳುವುದು ಕಷ್ಟ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆಯೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ನಮ್ಮ ಊಟಕ್ಕೆ ಹೋಲಿಸಲು ಬರುವುದಿಲ್ಲ.

ಹಂದಿಯ ರಕ್ತನಾಳ ಗಾತ್ರದಲ್ಲೂ ರಚನೆಯಲ್ಲೂ ನಮ್ಮದಕ್ಕೆ ಹತ್ತಿರ. ಅದರ ಕೊರೊನರಿಗಳಲ್ಲೇ ಕಾಯಿಲೆ ಬರುತ್ತದೆ. ಸ್ಟೆಂಟ್‌ನಂಥ ಸಾಧನಗಳನ್ನು ಮನುಷ್ಯರಿಗೆ ಹಾಕುವ ಮೊದಲು ಹಂದಿಯಲ್ಲಿ ನೋಡುವುದು ಅದಕ್ಕೇ. ಆದರೆ ಸಾಕುವ ಖರ್ಚು ಜಾಸ್ತಿ, ಕಾಯಿಲೆ ಬೆಳೆಯಲು ತಿಂಗಳುಗಳೇ ಬೇಕು. ಗಿನಿ ಹಂದಿ, ಹ್ಯಾಮ್‌ಸ್ಟರ್, ಪಾರಿವಾಳ, ಇವನ್ನೂ ಬಳಸಿದ್ದಾರೆ.

ಕೋತಿಗಳು ನಮಗೆ ತೀರಾ ಹತ್ತಿರದವು. 1970ರಲ್ಲಿ ಮಾರ್ಕ್ ಆರ್ಮ್‌ಸ್ಟ್ರಾಂಗ್ ಅವರ ತಂಡ ರೀಸಸ್ ಕೋತಿಗಳಲ್ಲಿ ಒಂದು ಮುಖ್ಯ ಸಂಗತಿ ಕಂಡಿತು. ಕೊಬ್ಬಿನ ಆಹಾರದಿಂದ ಕೊರೊನರಿಗಳು ಕಟ್ಟಿಕೊಂಡ ಮೇಲೆ ಆಹಾರ ಬದಲಿಸಿದರೆ ಆ ಕಟ್ಟು ಕರಗುತ್ತಾ ಹೋಗುತ್ತದೆ. ಒಮ್ಮೆ ಬಂದ ಮೇಲೆ ಮುಗಿಯಿತು ಎಂಬ ನಂಬಿಕೆ ಅಲ್ಲಿಂದ ಅಲುಗಾಡಿತು. ಎಲ್‌ಡಿಎಲ್ ಬಹಳ ಇಳಿಸಿದರೆ ಮನುಷ್ಯರಲ್ಲೂ ಪ್ಲಾಕ್ ಸ್ವಲ್ಪ ಕುಗ್ಗುತ್ತದೆ ಎನ್ನುವುದು 2006ರಲ್ಲಿ ಕೊರೊನರಿಯೊಳಗೆ ಅಲ್ಟ್ರಾಸೌಂಡ್ ತೂರಿಸಿ ನೋಡಿದ ಅಧ್ಯಯನದಲ್ಲಿ ಕಂಡಿತು.

ಹಾಗಂತ ಕೋತಿ ಹೇಳಿದ್ದೆಲ್ಲ ನಮಗೆ ಹೊಂದುವುದಿಲ್ಲ. 1995ರಲ್ಲಿ ಲಾರೆನ್ಸ್ ರುಡೆಲ್ ಅವರ ತಂಡ ಆಫ್ರಿಕನ್ ಗ್ರೀನ್ ಕೋತಿಗಳಿಗೆ ಐದು ವರ್ಷ ಮೂರು ಥರದ ಕೊಬ್ಬು ತಿನ್ನಿಸಿದ ಫಲಿತಾಂಶ ಪ್ರಕಟಿಸಿತು. ಆಲಿವ್ ಎಣ್ಣೆಯಲ್ಲಿ ಇರುವಂಥ ಏಕ ಅಪರ್ಯಾಪ್ತ ಕೊಬ್ಬು ತಿಂದ ಕೋತಿಗಳ ಕೊರೊನರಿಗಳು ಬೆಣ್ಣೆ, ತುಪ್ಪದಲ್ಲಿ ಇರುವಂಥ ಪರ್ಯಾಪ್ತ ಕೊಬ್ಬು ತಿಂದವುಗಳಷ್ಟೇ ಕೆಟ್ಟಿದ್ದವು. ಸೂರ್ಯಕಾಂತಿ ಎಣ್ಣೆಯಲ್ಲಿ ಇರುವಂಥ ಬಹು ಅಪರ್ಯಾಪ್ತ ಕೊಬ್ಬು ತಿಂದವು ಮಾತ್ರ ಬಚಾವಾದವು. ಇದನ್ನು ಓದಿ ಆಲಿವ್ ಎಣ್ಣೆ ಚೆಲ್ಲಿಬಿಡಬೇಕಾ? ಬೇಡ. ಸ್ಪೇನಿನಲ್ಲಿ 7,447 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಆಲಿವ್ ಎಣ್ಣೆ ಅಥವಾ ಬೀಜಗಳನ್ನು ಸೇರಿಸಿದ ಊಟ ಮಾಡಿದವರಿಗೆ ಹೃದಯಾಘಾತ, ಪಾರ್ಶ್ವವಾಯು ಒಟ್ಟಾರೆ ಕಡಿಮೆ ಆದವು. ಆ ಅಧ್ಯಯನದಲ್ಲಿ ಜನರನ್ನು ಗುಂಪು ಮಾಡಿದ ರೀತಿಯಲ್ಲಿ ದೋಷ ಕಂಡು 2018ರಲ್ಲಿ ಮರುಲೆಕ್ಕ ಹಾಕಿ ಮತ್ತೆ ಪ್ರಕಟಿಸಿದರು. ಆಗಲೂ ತೀರ್ಮಾನ ಹೆಚ್ಚುಕಡಿಮೆ ಅದೇ ಬಂತು. ಮನುಷ್ಯರ ಫಲಿತಾಂಶ ಕೈಯಲ್ಲಿದ್ದಾಗ, ಮಾತು ಊಟದ್ದಾದರೆ, ನಾನು ಕೋತಿಯನ್ನು ಬಿಟ್ಟು ಮನುಷ್ಯರನ್ನೇ ನಂಬುತ್ತೇನೆ.

ಪ್ರಾಣಿಗಳಲ್ಲಿ ಗೆದ್ದು ಮನುಷ್ಯರಲ್ಲಿ ಸೋತದ್ದು ಬೇಕಾದಷ್ಟಿದೆ. ವಿಟಮಿನ್ ಇ ಅಪೊಇ ಇಲ್ಲದ ಇಲಿಗಳಲ್ಲಿ ಪ್ಲಾಕ್ ಕಡಿಮೆ ಮಾಡಿತ್ತು. 2000ದಲ್ಲಿ 9,541 ರೋಗಿಗಳ ಅಧ್ಯಯನದಲ್ಲಿ ಅದರಿಂದ ಏನೂ ಪ್ರಯೋಜನ ಕಾಣಲಿಲ್ಲ. ಸಿಇಟಿಪಿ ತಡೆಯುವ ಟೋರ್ಸೆಟ್ರಪಿಬ್ ಮೊಲಗಳಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು. ಮನುಷ್ಯರಲ್ಲಿ ಅದು ರಕ್ತದೊತ್ತಡ ಏರಿಸಿತು, ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಆಯಿತು. 2006ರ ಡಿಸೆಂಬರಿನಲ್ಲಿ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಬೇಕಾಯಿತು.

ಗೆದ್ದ ಕಡೆಯೂ ನೋಡಿ. ಪ್ಲಾಕ್ ಎಂದರೆ ಸುಮ್ನೆ ಕೊಬ್ಬಿನ ಜಿಡ್ಡಲ್ಲ, ಅದರೊಳಗೆ ಉರಿಯೂತ ನಡೆಯುತ್ತಿರುತ್ತದೆ ಎಂಬ ತಿಳಿವಳಿಕೆ ಬೆಳೆದಿದ್ದರಲ್ಲಿ ಈ ಸಣ್ಣ ಇಲಿಗಳ ಪಾಲು ದೊಡ್ಡದು. ಒಂದೊಂದು ಜೀನ್ ತೆಗೆದು, ಒಂದೊಂದು ಬಿಳಿ ರಕ್ತಕಣ ತೆಗೆದು, ಏನಾಗುತ್ತದೆ ಎಂದು ನೋಡುತ್ತಾ ಹೋದರು. 2017ರಲ್ಲಿ 10,061 ರೋಗಿಗಳ ಮೇಲೆ ಕನಕಿನುಮ್ಯಾಬ್ ಎಂಬ ಔಷಧ ಪರೀಕ್ಷಿಸಿದರು. ಅದು ಎಲ್‌ಡಿಎಲ್ ಮುಟ್ಟುವುದಿಲ್ಲ, ಉರಿಯೂತವನ್ನಷ್ಟೇ ತಗ್ಗಿಸುತ್ತದೆ. 150 ಮಿಲಿಗ್ರಾಂ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟು ಸೇರಿ ಶೇ 15ರಷ್ಟು ಕಡಿಮೆಯಾದವು. ಸೋಂಕಿನಿಂದ ಸಾಯುವವರು ಸ್ವಲ್ಪ ಹೆಚ್ಚಾದ್ದರಿಂದ ಆ ಔಷಧ ಹೃದಯಕ್ಕೆಂದು ಬಳಕೆಗೆ ಬರಲಿಲ್ಲ. ಆದರೆ ಇಲಿ ತೋರಿಸಿದ ದಾರಿ ಮನುಷ್ಯರಲ್ಲೂ ಇದೆ ಎಂದು ಸಾಬೀತಾಯಿತು.

ಇಲ್ಲೂ ಅದೇ ಎರಡು ಪ್ರಶ್ನೆಗಳು ಬೇರೆಯಾಗಿ ಕಾಣುತ್ತವೆ. ರಕ್ತನಾಳದ ಗೋಡೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದಾಗ ಪ್ರಾಣಿಗಳು ಒಳ್ಳೆಯ ಉತ್ತರ ಕೊಟ್ಟಿವೆ. ಇದನ್ನು ತಿಂದರೆ, ಈ ಮಾತ್ರೆ ನುಂಗಿದರೆ ನಮಗೆ ಒಳ್ಳೆಯದಾಗುತ್ತಾ ಎಂದು ಕೇಳಿದಾಗ ಅವನ್ನು ನೆಚ್ಚಿಕೊಳ್ಳಲು ಆಗಿಲ್ಲ.

ಮೊಟ್ಟೆಯ ಬಗ್ಗೆ ಮನುಷ್ಯರಲ್ಲಿ ಗೊತ್ತಾಗಿರುವುದು ಇಷ್ಟು. ನಾವು ತಿಂದ ಕೊಲೆಸ್ಟ್ರಾಲಿನಲ್ಲಿ ಸರಾಸರಿ ಅರ್ಧದಷ್ಟು ಮಾತ್ರ ಕರುಳಿನಿಂದ ಒಳಗೆ ಹೋಗುತ್ತದೆ. ಹೆಚ್ಚು ಬಂದರೆ ಲಿವರ್ ತನ್ನ ತಯಾರಿಕೆ ತಗ್ಗಿಸುತ್ತದೆ. ನಾವು ನಾಯಿಯ ಹಾಗೂ ಅಲ್ಲ, ಮೊಲದ ಹಾಗೂ ಅಲ್ಲ, ನಡುವೆ ಇದ್ದೇವೆ. ಎಲ್‌ಡಿಎಲ್ ಏರಿಸುವುದರಲ್ಲಿ ತಿಂದ ಕೊಲೆಸ್ಟ್ರಾಲಿಗಿಂತ ಪರ್ಯಾಪ್ತ ಕೊಬ್ಬಿನ ಕೈವಾಡ ಜಾಸ್ತಿ. ದಿನಕ್ಕೆ 300 ಮಿಲಿಗ್ರಾಂ ಎಂದಿದ್ದ ಮಿತಿಯನ್ನು ಅಮೆರಿಕದ ಆಹಾರ ಮಾರ್ಗಸೂಚಿ 2015ರ ಆವೃತ್ತಿಯಲ್ಲಿ ಕೈಬಿಟ್ಟಿದ್ದು ಇದೇ ಹಿನ್ನೆಲೆಯಲ್ಲಿ. ಆದರೆ ಜನರಿಂದ ಜನರಿಗೆ ವ್ಯತ್ಯಾಸ ಇದೆ. ಸಕ್ಕರೆ ಕಾಯಿಲೆ ಇರುವವರು, ಮನೆತನದಲ್ಲೇ ಕೊಲೆಸ್ಟ್ರಾಲ್ ಜಾಸ್ತಿ ಇರುವವರು ತಮ್ಮ ವೈದ್ಯರ ಮಾತು ಕೇಳಲಿ. ತಿಂದ ಕೊಲೆಸ್ಟ್ರಾಲ್ ಅಷ್ಟು ಮುಖ್ಯವಲ್ಲ ಎಂದ ಮಾತ್ರಕ್ಕೆ ರಕ್ತದ ಎಲ್‌ಡಿಎಲ್ ಮುಖ್ಯವಲ್ಲ ಎಂದಾಗುವುದಿಲ್ಲ. ವಿಡಿಯೋ ಈ ಎರಡನ್ನೂ ಕಲಸಿಬಿಟ್ಟಿದೆ.

ಮನುಷ್ಯರಲ್ಲೇ ನೇರವಾಗಿ ನೋಡಬಾರದೇ ಎಂದು ಕೇಳಿದ್ದೀರಿ. ನೋಡಿದ್ದಾರೆ, ಪ್ರಕೃತಿಯೇ ಮಾಡಿಟ್ಟ ಪ್ರಯೋಗದಲ್ಲಿ. ಪಿಸಿಎಸ್‌ಕೆ9 ಎಂಬ ಜೀನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಲಸ ಮಾಡದ ಕೆಲವರಿದ್ದಾರೆ. ಅವರ ಎಲ್‌ಡಿಎಲ್ ಬದುಕಿಡೀ ಕಡಿಮೆ ಇರುತ್ತದೆ. 2006ರಲ್ಲಿ ಜೊನಾಥನ್ ಕೋಹೆನ್ ಮತ್ತು ಹೆಲೆನ್ ಹಾಬ್ಸ್ ಅವರ ತಂಡ ಅಮೆರಿಕದ ಕಪ್ಪು ಜನರಲ್ಲಿ ಇಂಥವರನ್ನು ಗುರುತಿಸಿ ಲೆಕ್ಕ ಹಾಕಿತು. ಅವರ ಎಲ್‌ಡಿಎಲ್ ಶೇ 28ರಷ್ಟು ಕಡಿಮೆ, ಕೊರೊನರಿ ಕಾಯಿಲೆ ಶೇ 88ರಷ್ಟು ಕಡಿಮೆ. ಅವರಿಗೆ ಯಾರೂ ಏನೂ ತಿನ್ನಿಸಿರಲಿಲ್ಲ, ಯಾವ ಮಾತ್ರೆಯನ್ನೂ ಕೊಟ್ಟಿರಲಿಲ್ಲ. ಈ ಒಂದು ಸಾಕ್ಷ್ಯವನ್ನು ನಿಮ್ಮ ತಂದೆಯವರ ಮುಂದಿಟ್ಟರೆ ಸಾಕು, ಮೊಲದ ಮಾತೇ ಎತ್ತಬೇಕಾಗಿಲ್ಲ.

ಆದರೂ ಪ್ರಾಣಿಗಳು ಯಾಕೆ ಬೇಕು ಎಂದರೆ, ಬದುಕಿರುವ ಮನುಷ್ಯನ ಮಹಾಪಧಮನಿಯನ್ನು ಹತ್ತು ವಾರಕ್ಕೊಮ್ಮೆ ತೆಗೆದು ನೋಡಲು ಬರುವುದಿಲ್ಲ. ಕಾಯಿಲೆ ನಮ್ಮಲ್ಲಿ ಬೆಳೆಯಲು ದಶಕಗಳು ಬೇಕು, ಇಲಿಯಲ್ಲಿ ತಿಂಗಳುಗಳು ಸಾಕು. ಮೊದಲ ನೊರೆ ಕೋಶ ಹುಟ್ಟುವ ಗಳಿಗೆಯನ್ನು ಬೇರೆ ಯಾವ ದಾರಿಯಲ್ಲೂ ಇಷ್ಟು ಹತ್ತಿರದಿಂದ ನೋಡಲು ಆಗಿಲ್ಲ. ಇದಕ್ಕೆ ಪ್ರಾಣಿಗಳು ತೆರುವ ಬೆಲೆ ಸಣ್ಣದಲ್ಲ. 1959ರಲ್ಲಿ ರಸೆಲ್ ಮತ್ತು ಬರ್ಚ್ ಮೂರು ನಿಯಮ ಮುಂದಿಟ್ಟರು. ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೆ ದಾರಿ ಹಿಡಿಯಿರಿ, ಪ್ರಾಣಿಗಳ ಸಂಖ್ಯೆ ಇಳಿಸಿ, ಅವುಗಳ ನೋವು ತಗ್ಗಿಸಿ. ಈಗ ಬಹಳಷ್ಟು ಕಡೆ ಈ ಕೆಲಸಕ್ಕೆ ಅಡಿಪಾಯ ಇವೇ.

ನನಗೆ ಬೇಸರ ಆಗುವುದು ಒಂದು ವಿಷಯಕ್ಕೆ. ಅಪೊಇ ಇಲ್ಲದ ಇಲಿಗೆ ಯಾವುದೋ ಬೇರಿನ ಸತ್ವ, ಯಾವುದೋ ಹಣ್ಣಿನ ಪುಡಿ ಕೊಟ್ಟು, ಪ್ಲಾಕ್ ಶೇ 30 ಕಡಿಮೆಯಾಯಿತು ಎಂದು ಬರೆದು ಅಲ್ಲಿಗೇ ಬಿಟ್ಟುಬಿಡುವ ಪ್ರಬಂಧಗಳು ಬರುತ್ತಲೇ ಇವೆ. ಮುಂದೆ ಯಾರೂ ಅದನ್ನು ಮನುಷ್ಯರಲ್ಲಿ ನೋಡುವುದಿಲ್ಲ. ಅದರಿಂದ ಒಂದು ಸುದ್ದಿ ಹುಟ್ಟುತ್ತದೆ, ಒಂದು ಡಬ್ಬಿ ಮಾರಾಟವಾಗುತ್ತದೆ. ಅಂಥ ಪುಡಿ ತಿಂದರೆ ಎಲ್‌ಡಿಎಲ್ ಇಳಿಯುತ್ತಾ ಎಂದು ತಿಳಿಯಲು ಒಪ್ಪಿ ಬಂದ ಹತ್ತಾರು ಜನರಿಗೆ ಕೊಟ್ಟು, ಕೆಲವು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿದರೆ ಆಯಿತು. ಆ ಪ್ರಶ್ನೆಗೆ ಇಲಿಯನ್ನು ಕೊಲ್ಲುವ ಅಗತ್ಯವೇ ಇಲ್ಲ.